ಪೆಟ್ಟಿಗೆಯಿಂದ ಎದ್ದವನು ನಗಬೇಕು

ನೊಂತಬುರಿ, ಕಾಲುವೆ ಬದಿಯ ಮನೆ
ಬುದ್ಧಶಕ 2567, ಆಗಸ್ಟ್ 11, ಭಾನುವಾರ

ಪ್ರೀತಿಯ ಮೊತ್,

ಹೇಗಿದ್ದೀಯ ಮಗಾ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ? ಉಪ್ಪುನೀರಿನಲ್ಲಿ ಬಲೆ ಎಳೆಯುವವರ ಬೆರಳ ಸಂದಿಯೆಲ್ಲ ಒಡೆದು ಉರಿಯುತ್ತದಂತೆ, ಮಲಗುವ ಮುಂಚೆ ತೆಂಗಿನೆಣ್ಣೆ ಹಚ್ಚಿಕೊ. ಚಿಕ್ಕಂದಿನಲ್ಲಿ ಕಾಲುವೆಗೆ ಧುಮುಕಿ ಧುಮುಕಿ ನಿನ್ನ ಎಡಗಿವಿ ಸೋರುತ್ತಿತ್ತಲ್ಲ, ಈಗ ಹೇಗಿದೆ? ನಾವಿಲ್ಲಿ ಇದ್ದೇವೆ. ನನ್ನ ಸೊಂಟ ಬೆಳಿಗ್ಗೆ ಒಂದು ಮಾತು ಹೇಳಿದರೆ ಸಂಜೆ ಇನ್ನೊಂದು ಹೇಳುತ್ತದೆ. ನಿನ್ನ ತಂಗಿ ವಿಲಾಯ್ ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷವಾಯಿತು, ಮನೆಗೆ ಬಂದವರಿಗೆಲ್ಲ ಕೇಳದಿದ್ದರೂ ಮಾತ್ರೆಯ ಹೆಸರು ಹೇಳಿ ಕಳಿಸುತ್ತಾಳೆ. ಅಮ್ಮನ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆ. ನನ್ನ ಮೇಲಿನ ಸಿಟ್ಟು ಮಾತ್ರ ಹತೋಟಿಗೆ ಬಂದಿಲ್ಲ, ಎರಡು ತಿಂಗಳಿಂದ ಅವಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಅಕ್ಕಿ ಡಬ್ಬಿಯಿಂದ ದಿನವೂ ತಲೆಗೊಂದರಂತೆ ಮೂರು ಲೋಟ ಅಳೆದು ಅನ್ನ ಮಾಡಿ, ಊಟಕ್ಕೆ ಕರೆಯುವಾಗ ವಿಲಾಯ್ ಕಡೆ ತಿರುಗಿ, "ನಿಮ್ಮಪ್ಪಂಗೆ ಅನ್ನ ಆರೋಗ್ತಿದೆ ಅಂತ ಹೇಳು" ಅನ್ನುತ್ತಾಳೆ. ನಾನು ಅಲ್ಲೇ ಮೂರಡಿ ದೂರದಲ್ಲಿ ಕೂತಿರುತ್ತೇನೆ. ಆ ಸಿಟ್ಟಿನ ಕಾರಣ ಹೇಳುವುದಕ್ಕೇ ಈ ಕಾಗದ. ನೀನು ಮನೆ ಬಿಟ್ಟು ಆರು ವರ್ಷವಾಯಿತು. ಈ ಆರು ವರ್ಷದಲ್ಲಿ ನಿನಗೆ ಬರೆಯಲು ಒಂದು ವಿಳಾಸ ಸಿಕ್ಕಿರುವುದು ಇದೇ ಮೊದಲು, ಅದೂ ರನೋಂಗ್ ಬಂದರಿನ ಒಂದು ಅನ್ನದಂಗಡಿಯದು. ಅದು ಹೇಗೆ ಸಿಕ್ಕಿತು ಎಂಬುದನ್ನೂ ಹೇಳುತ್ತೇನೆ.

ನೀನು ಟೀವಿ ನೋಡುತ್ತೀಯೋ ಇಲ್ಲವೋ ಗೊತ್ತಿಲ್ಲ. ನೋಡುತ್ತಿದ್ದರೆ "ಏಳನೇ ರಾತ್ರಿಯ ಹೇಳಿಕೆ" ಎಂಬ ಧಾರಾವಾಹಿಯನ್ನು ಬಿಟ್ಟಿರಲಾರೆ. ದೆವ್ವದ ಧಾರಾವಾಹಿ ಎಂದರೆ ಬೆರಳ ಸಂದಿಯಿಂದಲಾದರೂ ಪೂರ್ತಿ ನೋಡಿ, ಆಮೇಲೆ ಬಚ್ಚಲಿಗೆ ಹೋಗಲು ತಂಗಿಯನ್ನು ಕಾವಲಿಗೆ ಕರೆಯುತ್ತಿದ್ದವನು ನೀನು. ಅದರ ಸಾಮಾನು ಸರಂಜಾಮೆಲ್ಲ ನನ್ನದೇ. ಮೂವತ್ತೊಂದು ವರ್ಷದಿಂದ ಸೆಟ್ಟಿಗೆ ಶವಪೆಟ್ಟಿಗೆ, ಹೂವಿನ ಚಕ್ರ, ಬಾಟಲಿ ರಕ್ತ, ಪೊಲೀಸ್ ಬೇಡಿ ಒದಗಿಸಿದ ಚರೂನನಿಗೆ ಬೇರೆ ಯಾವ ಕೆಲಸ ಕೊಟ್ಟಾರು? ಕಥೆ ಇಷ್ಟೇ. ಒಬ್ಬ ಇನ್‌ಸ್ಪೆಕ್ಟರ್ ಇದ್ದಾನೆ. ಯಾರದಾದರೂ ಕೊಲೆಯಾದರೆ ವಿಹಾರಕ್ಕೆ ಹೋಗಿ, ಹೆಣದ ಮುಂದೆ ಭಿಕ್ಷುಗಳು ಸೂತ್ರ ಹೇಳುವ ಏಳು ದಿನವೂ ಕೂರುತ್ತಾನೆ. ಏಳನೆಯ ರಾತ್ರಿ ಪೆಟ್ಟಿಗೆಯ ಮುಂದಿಟ್ಟ ಫೋಟೋ ಅವನೊಬ್ಬನಿಗೇ ಕೇಳುವ ಹಾಗೆ ಕೊಂದವರ ಹೆಸರು ಹೇಳುತ್ತದೆ. ಮೇ ತಿಂಗಳಲ್ಲಿ ಶುರುವಾದಾಗ ಜನ ಮೂಗು ಮುರಿದರು. ಮೊದಲ ಕಂತಿನ ಹೆಣ್ಣು ದೆವ್ವವನ್ನು ನೋಡಿ ಮಾರುಕಟ್ಟೆಯಲ್ಲಿ ಬಾಳೆಹಣ್ಣು ಕರಿದು ಮಾರುವ ಲಮ್‌ದುವಾನ್ ಅತ್ತೆ, "ಏನ್ ಚರೂನಣ್ಣ, ದೆವ್ವಕ್ಕೆ ಅಕ್ಕಿಹಿಟ್ಟು ಬಳ್ದುಬಿಟ್ಟಿದ್ದೀರಾ? ನನ್ನ ಬಾಣಲೆಗೆ ಕಳ್ಸಿ, ಗರಿಗರಿಯಾಗಿ ಕರಿದು ಕೊಡ್ತೀನಿ" ಎಂದು ಗಿರಾಕಿಗಳ ಮುಂದೆಯೇ ಮರ್ಯಾದೆ ತೆಗೆದಳು. ನಿವೃತ್ತ ಪೊಲೀಸ್ ಅಧಿಕಾರಿಯೊಬ್ಬ ಪತ್ರಿಕೆಗೆ ಬರೆದು, ಇಂಥ ಇನ್‌ಸ್ಪೆಕ್ಟರ್ ತನ್ನ ಠಾಣೆಯಲ್ಲಿದ್ದಿದ್ದರೆ ವಿಹಾರದ ಅಂಗಳ ಗುಡಿಸಲು ಕಾಯಂ ಆಗಿ ಕಳಿಸಿಬಿಡುತ್ತಿದ್ದೆ ಎಂದ. ಪಾಣಿದಾ ಎಂಬ ವಿಮರ್ಶಕಿ ಇದ್ದಾಳೆ, ಬೆಳಗಿನ ಕಾಫಿ ಇಳಿಯಬೇಕೋ ಬೇಡವೋ ಎಂಬುದನ್ನು ನಮ್ಮ ನಿರ್ದೇಶಕರು ಅವಳ ಅಂಕಣ ಓದಿದ ಮೇಲೆಯೇ ತೀರ್ಮಾನಿಸುವುದು. ಪೆಟ್ಟಿಗೆ ಥರ್ಮಾಕೋಲಿನದು ಎಂದು ಅವಳು ಕಂಡುಹಿಡಿದಳು. ಹೊರುವ ನಾಲ್ವರಲ್ಲಿ ಒಬ್ಬನಿಗೂ ಬೆವರು ಬಂದಿರಲಿಲ್ಲವಂತೆ. ಮೂವತ್ತೊಂದು ವರ್ಷ ನಾನು ಮಾಡಿದ ಕೆಲಸದ ಬಗ್ಗೆ ವಿಮರ್ಶಕರೊಬ್ಬರು ಬರೆದ ಮೊದಲ ಸಾಲು ಅದು. ನಾಲ್ಕನೇ ಕಂತಿಗೆ ಧಾರಾವಾಹಿ ಮುಚ್ಚಿಹೋಗುತ್ತದೆ ಎಂದೇ ನಾವೆಲ್ಲ ಅಂದುಕೊಂಡಿದ್ದೆವು. ಐದನೇ ಕಂತಿನಲ್ಲಿ ಇನ್‌ಸ್ಪೆಕ್ಟರನ ಸ್ವಂತ ತಮ್ಮನ ಕೊಲೆಯ ಕಥೆ ಬಂತು, ತಮ್ಮನ ಫೋಟೋ ಬಂತು, ಅಲ್ಲಿಂದ ಎಲ್ಲ ತಿರುಗಿಹೋಯಿತು. ಮೊತ್, ಆ ಫೋಟೋ ನಿನ್ನದು. ಅದನ್ನು ಅಲ್ಲಿಟ್ಟವನು ನಾನು.

ಕಾಗದ ಹರಿದು ಹಾಕಬೇಡ, ಪೂರ್ತಿ ಓದು. ಆ ದೃಶ್ಯದ ಚಿತ್ರೀಕರಣ ನಡೆದದ್ದು ಹೋದ ವರ್ಷ ಅಕ್ಟೋಬರಿನಲ್ಲಿ, ಭಿಕ್ಷುಗಳ ಮಳೆಗಾಲದ ವ್ರತ, ವರ್ಷಾವಾಸ, ಮುಗಿದ ವಾರ. ತಮ್ಮನ ಪಾತ್ರಕ್ಕೆ ಗೊತ್ತಾಗಿದ್ದ ನಟ ಬೆಳಿಗ್ಗೆ ಬಂದವನೇ ಕೈಮುಗಿದು, ತನ್ನ ಫೋಟೋವನ್ನು ಪೆಟ್ಟಿಗೆ ಮುಂದೆ ಇಡಕೂಡದು ಎಂದ. ಆ ವರ್ಷ ಅವನ ಗ್ರಹಗತಿ ಸರಿಯಿಲ್ಲವೆಂದು ಜ್ಯೋತಿಷಿ ಹೇಳಿದ್ದನಂತೆ. "ಗುಂಡು ಹೊಡಿಸ್ಕೊಂಡು ಹತ್ತು ಸಲ ಬೀಳು ಅಂದ್ರೂ ಬೀಳ್ತೀನಿ ಸಾರ್, ಫೋಟೋ ಮಾತ್ರ ಬೇಡ" ಅಂದ. ನಿರ್ದೇಶಕ ತಲೆ ಚಚ್ಚಿಕೊಂಡು, ಯಾವುದಾದರೂ ಒಂದು ಮುಖ ತನ್ನಿ ಎಂದು ಕೂಗಾಡಿದ. ಯಾರು ಕೊಡುತ್ತಾರೆ? ನಮ್ಮ ಕಸುಬಿನ ಕಟ್ಟುಪಾಡು ನಿನಗೆ ಗೊತ್ತೇ ಇದೆ. ಸತ್ತಂತೆ ನಟಿಸಿದವನು ಪೆಟ್ಟಿಗೆಯಿಂದ ಎದ್ದ ಕೂಡಲೇ ಕ್ಯಾಮರಾ ಕಡೆ ನೋಡಿ ಮೂರು ಸಲ ಗಟ್ಟಿಯಾಗಿ ನಗಬೇಕು, ಇಲ್ಲದಿದ್ದರೆ ನಟನೆಯ ಸಾವು ಅವನ ಹಿಂದೆಯೇ ಮನೆಗೆ ಹೋಗುತ್ತದೆ. ಫೋಟೋ ಇಟ್ಟಿದ್ದರೆ ಅದರಲ್ಲಿರುವವನೇ ಬಂದು, ತನ್ನ ಕೈಯಾರೆ ಚೌಕಟ್ಟಿನಿಂದ ತೆಗೆದು, ಅದರ ಮುಂದೆ ನಿಂತು ನಗಬೇಕು. ಬೇರೆ ಯಾರು ನಕ್ಕರೂ ಪ್ರಯೋಜನವಿಲ್ಲ. ನಾನು ಇದನ್ನೆಲ್ಲ ಎಂದೂ ನಂಬಿದವನಲ್ಲ, ಆದರೆ ನೀನು ನಂಬುತ್ತೀಯ. ಆ ಗಳಿಗೆಯಲ್ಲಿ ನನಗೆ ಹೊಳೆದದ್ದು ಅದೇ. ದೇಶವೆಲ್ಲ ನೋಡುವ ಟೀವಿಯಲ್ಲಿ ತನ್ನ ಫೋಟೋ ಹೆಣದ ಮುಂದೆ ಇರುವುದನ್ನು ಕಂಡರೆ ನನ್ನ ಮಗ ಎಲ್ಲಿದ್ದರೂ ಸುಮ್ಮನೆ ಕೂರುವುದಿಲ್ಲ, ಮಾರನೆಯ ದಿನದ ಬಸ್ಸು ಹತ್ತಿ ಬಂದು, ಬಾಗಿಲು ಬಡಿದು, ನನ್ನನ್ನು ಬಾಯಿಗೆ ಬಂದಂತೆ ಬಯ್ದು, ಫೋಟೋ ಕಿತ್ತುಕೊಂಡು ನಗುತ್ತಾನೆ ಎಂದುಕೊಂಡೆ. ಬಯ್ಗುಳಕ್ಕೆ ನಾನು ತಯಾರಾಗಿಯೇ ಇದ್ದೆ. ನೀನು ತಾಂತ್ರಿಕ ಶಾಲೆ ಮುಗಿಸಿದಾಗ ಬಿಳಿ ಶರಟು ಹಾಕಿ ತೆಗೆಸಿದ ಫೋಟೋ ನನ್ನ ಪರ್ಸಿನಲ್ಲಿತ್ತು, ಎಡ ಹುಬ್ಬು ಒಂಚೂರು ಮೇಲೆತ್ತಿದ್ದೀಯಲ್ಲ, ಅದು. ದೊಡ್ಡದು ಮಾಡಿಸಿದೆ. ಚೌಕಟ್ಟನ್ನು ನಾನೇ ಕೂಡಿಸಿ, ಮೊಳೆ ಹೊಡೆದು, ಚಿನ್ನದ ಬಣ್ಣ ಎರಡು ಸಲ ಬಳಿದೆ. ಇಷ್ಟು ವರ್ಷದಲ್ಲಿ ನಾನು ಮಾಡಿದ ಚೌಕಟ್ಟುಗಳಲ್ಲೆಲ್ಲ ಅದೇ ಚೆನ್ನಾಗಿ ಬಂದದ್ದು. ನಿನ್ನನ್ನು ಎಂದೂ ನೋಡಿರದ ನಿರ್ದೇಶಕ ಯಾರಿದು ಎಂದು ಕೇಳಿದ. ಹಳೇ ಸಾಮಾನಿನ ಸಂತೆಯಲ್ಲಿ ಸಿಕ್ಕಿದ ಫೋಟೋ, ಯಾರೋ ಏನೋ, ಅಂದೆ.

ನೀನು ಮನೆ ಬಿಟ್ಟದ್ದೂ ಒಂದು ನಗುವಿನ ಕಾರಣಕ್ಕೇ ಅಲ್ಲವೇ? ಆವತ್ತು ಹೆಣವಾಗಬೇಕಿದ್ದವನು ಕೈಕೊಟ್ಟ. ನೀನು ನನ್ನ ಕೈಕೆಳಗೆ ಕೆಲಸ ಮಾಡುತ್ತಿದ್ದೆ, ಇಪ್ಪತ್ತೆರಡು ವರ್ಷದ ಗಂಡಸು. ಪೆಟ್ಟಿಗೆಯಲ್ಲಿ ಮಲಗು ಎಂದರೆ ಬೇಡಪ್ಪಾ ಬೇಡಪ್ಪಾ ಎಂದು ಎಷ್ಟು ಗೋಗರೆದೆ. ನಾನು ಕೈ ಹಿಡಿದು ಎಳೆದು ಮಲಗಿಸಿ ಮುಚ್ಚಳ ಹಾಕಿದೆ. ತೆಗೆದಾಗ ನಿನ್ನ ಮುಖ ಬಿಳಿಚಿಕೊಂಡಿತ್ತು. ನೀನು ಎದ್ದು ಕೂತು ನಗಲು ನೋಡಿದೆ, ಆಗಲಿಲ್ಲ. ಮುಂದಿನ ದೃಶ್ಯಕ್ಕೆ ಅದೇ ಪೆಟ್ಟಿಗೆ ಬೇಕಾಗಿತ್ತು. "ಅಪ್ಪಾ, ಒಂದ್ನಿಮಿಷ, ನಾನು ನಗೋಕೆ ಮುಂಚೆ ಎಬ್ಬಿಸ್ಬೇಡ" ಅಂದೆ ನೀನು. "ನಗು ಗಿಗು ಆಮೇಲೆ, ಮೊದ್ಲು ಪೆಟ್ಟಿಗೆ ಎತ್ತು. ಹುಟ್ದಾಗ ಇರುವೆಯಷ್ಟಿದ್ದೆ ಅಂತ ಮೊತ್, ಇರುವೆ ಅಂತ್ಲೇ ಹೆಸರಿಟ್ಟೆ, ಎದೆಯೂ ಇರುವೇದೇ ಆಯ್ತಲ್ಲೋ" ಅಂದೆ ನಾನು. ಸೆಟ್ಟಿನಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು, ನಗಬೇಕಾದವನೊಬ್ಬನನ್ನು ಬಿಟ್ಟು. ಆ ಸಂಜೆ ನೀನು ಮನೆಗೆ ಬರಲಿಲ್ಲ. ಮರುವರ್ಷ ವಿಲಾಯ್‌ಗೆ ಒಂದೇ ಒಂದು ಸಲ ಫೋನ್ ಮಾಡಿ, ಕಡಲ ಮೇಲೆ ಕೆಲಸ ಸಿಕ್ಕಿದೆ, ಅಪ್ಪನಿಗೆ ಹೇಳಬೇಡ ಎಂದೆಯಂತೆ. ಅವಳು ಹೇಳಿದಳು, ಅವಳನ್ನು ಬಯ್ಯಬೇಡ. ನಾನು ಮಾಡಿದ್ದು ತಪ್ಪು ಮಗಾ. ಇದೊಂದು ಸಾಲು ಬರೆಯಲು ನನಗೆ ಆರು ವರ್ಷ ಬೇಕಾಯಿತು.

ಐದನೇ ಕಂತು ಬಂದಾಗ ವಿಲಾಯ್ ಮೊದಲ ನೋಟಕ್ಕೇ ನಿನ್ನ ಗುರುತು ಹಿಡಿದು ಕಿರುಚಿದಳು. ಅವಳಿಗೆ ನನ್ನ ಉಪಾಯ ಹೇಳಿ, ಅಮ್ಮನಿಗೆ ತಿಳಿಸುವುದಿಲ್ಲ ಎಂದು ಆಣೆ ಹಾಕಿಸಿಕೊಂಡೆ. ಅಮ್ಮ ಇಂಥ ಧಾರಾವಾಹಿ ನೋಡುವವಳಲ್ಲ. ಮಾರನೆಯ ದಿನ ಕೆಲಸಕ್ಕೆ ಹೋಗದೆ ಬಾಗಿಲ ಬಳಿ ಕೂತೆ. ನೀನು ಬರಲಿಲ್ಲ. ಅದರ ಮಾರನೆಯ ದಿನವೂ ಕೂತೆ. ನಿನ್ನ ಬದಲು ಜನರ ಮಾತು ಬರತೊಡಗಿತು, ವಿಲಾಯ್ ತನ್ನ ಫೋನಿನಿಂದ ಒಂದೊಂದೇ ಓದಿ ಹೇಳುತ್ತಿದ್ದಳು. ಒಬ್ಬ, ಆ ಹುಬ್ಬು ಅಲ್ಲಾಡಿತು, ಹನ್ನೊಂದು ಸಲ ನಿಲ್ಲಿಸಿ ನೋಡಿದ್ದೇನೆ ಎಂದು ಬರೆದಿದ್ದ. "ಕೊಂದೋನು ಸಿಗ್ದಿದ್ರೂ ಪರವಾಗಿಲ್ಲ, ಇವನ ಫೋನ್ ನಂಬರ್ ಸಿಗ್ಲಿ" ಎಂದು ಒಬ್ಬಳು. "ಲೇ, ಅವನು ಸತ್ತಿದ್ದಾನೆ ಕಣೇ" ಎಂದು ಇನ್ನೊಬ್ಬಳು. "ನನ್ನ ಬದುಕಿರೋ ಗಂಡನಿಗಿಂತ ವಾಸಿ" ಎಂದು ಮತ್ತೊಬ್ಬಳು. ಚಿಯಾಂಗ್ ಮಾಯ್ ಕಡೆಯ ಒಬ್ಬ ಹೆಂಗಸು, ತನ್ನ ಗಂಡನನ್ನು ಕೊಂದವರ ಮೊಕದ್ದಮೆ ಒಂಬತ್ತು ವರ್ಷದಿಂದ ಕೋರ್ಟಿನಲ್ಲೇ ಕೊಳೆಯುತ್ತಿದೆ, ಈ ಫೋಟೋಗಾದರೂ ಒಬ್ಬ ಕೇಳುವವನು ಸಿಕ್ಕಿದ ಎಂದು ಬರೆದಿದ್ದಳು. ಶಾಲೆಯ ಮಕ್ಕಳು ಫೋಟೋ ಆಟ ಆಡತೊಡಗಿದ್ದಾರೆ, ಒಬ್ಬನನ್ನು ಬೆಂಚಿನ ಮೇಲೆ ಮಲಗಿಸಿ ಎದುರಿಗೆ ಅವನ ಗುರುತಿನ ಚೀಟಿ ಇಡುತ್ತಾರೆ, ಇದನ್ನು ನಿಲ್ಲಿಸಿ ಎಂದು ಮುಖ್ಯೋಪಾಧ್ಯಾಯಿನಿಯೊಬ್ಬರು ವಾಹಿನಿಗೆ ಬರೆದರು. ರೇಡಿಯೋದಲ್ಲಿ ಒಬ್ಬ ಭಿಕ್ಷು, ಸತ್ತವರನ್ನು ಸಾಕ್ಷಿಕಟ್ಟೆಗೆ ಎಳೆಯಬೇಡಿ, ಅವರಿಗೆ ಮುಂದಿನ ದಾರಿ ಇರುತ್ತದೆ ಎಂದು ಉಪದೇಶ ಮಾಡಿದರು. ಧಾರಾವಾಹಿಯನ್ನು ಬಯ್ಯಲಿಕ್ಕೆಂದೇ ನೋಡುವವರೂ ಸೇರಿ, ನಮ್ಮ ಬೀದಿಯಲ್ಲಿ ಬುಧವಾರ ಸಂಜೆ ಒಬ್ಬ ನರಪಿಳ್ಳೆ ಇರುತ್ತಿರಲಿಲ್ಲ.

ಪಾಣಿದಾ ಕೂಡ ವರಸೆ ಬದಲಿಸಿದಳು. ಅವಳು ಬರೆದದ್ದನ್ನು ಕತ್ತರಿಸಿ ಇಟ್ಟುಕೊಂಡಿದ್ದೇನೆ: ಬಣ್ಣ ಬಳಿದ ಹದಿನೇಳು ಮುಖಗಳಿರುವ ಈ ಧಾರಾವಾಹಿಯಲ್ಲಿ ನಟನೆ ಗೊತ್ತಿರುವುದು ಒಂದೇ ಮುಖಕ್ಕೆ, ಅದು ಒಂದು ಫೋಟೋ, ತಾನು ಮನೆಗೆ ಮರಳುವುದಿಲ್ಲ ಎಂಬುದು ಆ ಕಣ್ಣುಗಳಿಗೆ ಮೊದಲೇ ತಿಳಿದಿದೆ. ಎರಡು ಸಲ ಓದಿದೆ. ಆಮೇಲೆ ಸಿಟ್ಟು ಬಂತು. ಅವಳಿಗೇನು ಗೊತ್ತು? ಆವತ್ತು ಫೋಟೋ ಅಂಗಡಿಯಲ್ಲಿ ನಿನ್ನ ಕಣ್ಣುಗಳಿಗೆ ತಿಳಿದಿದ್ದದ್ದು ಪಕ್ಕದ ಅಂಗಡಿಯ ಬಾತುಕೋಳಿ ನೂಡಲ್ ಒಂದೇ. ಬೇಗ ಮುಗಿಸಿ ಎಂದು ನೀನು ಹುಬ್ಬು ಹಾರಿಸಿದ್ದೆ. ಒಂದು ಪತ್ರಿಕೆ ಓದುಗರಿಂದ ಮತ ಕೇಳಿತು, ವರ್ಷದ ಅತ್ಯುತ್ತಮ ಪೋಷಕ ನಟ ಯಾರು ಎಂದು. "ಫೋಟೋದಲ್ಲಿರುವವನು" ಎಂಬಾತನಿಗೆ ಮೂರನೇ ಸ್ಥಾನ ಬಂತು. ಗ್ರಹಗತಿ ಸರಿಯಿಲ್ಲದ ಆ ನಟ ಈಗ ಜ್ಯೋತಿಷಿಯನ್ನು ಹುಡುಕಿಕೊಂಡು ತಿರುಗುತ್ತಿದ್ದಾನಂತೆ, ಹೊಡೆಯಲು. ಪಾಣಿದಾ ಫೋಟೋದಲ್ಲಿರುವವನ ಹೆಸರು ಕಲಾವಿದರ ಪಟ್ಟಿಯಲ್ಲೇಕಿಲ್ಲ ಎಂದು ಕೇಳಿಕೊಂಡು ನನ್ನ ಕಾರ್ಯಾಗಾರದವರೆಗೂ ಬಂದಳು. ಸಂತೆಯ ಫೋಟೋ ಎಂದು ಅವಳಿಗೂ ಸುಳ್ಳು ಹೇಳಿದೆ. ಅವಳು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, "ಈ ಹುಬ್ಬು ನಿಮ್ಮ ಥರಾನೇ ಇದೆಯಲ್ಲ ದೊಡ್ಡಪ್ಪ" ಅಂದಳು. "ಎಲ್ಲರ ಹುಬ್ಬೂ ಕಣ್ಣಿನ ಮೇಲೇ ಇರುತ್ತೆ ತಾಯಿ" ಅಂದೆ. ಅವಳು ಕೈಮುಗಿದು ಹೊರಟುಹೋದಳು. ಅದರ ಬಗ್ಗೆ ಒಂದಕ್ಷರ ಬರೆಯಲಿಲ್ಲ, ಅಷ್ಟು ಒಳ್ಳೆಯವಳು.

ಇಷ್ಟಕ್ಕೇ ನಿಂತಿದ್ದರೆ ಅಮ್ಮನಿಗೆ ಗೊತ್ತಾಗುತ್ತಿರಲಿಲ್ಲ. ಚೌಕಟ್ಟಿನ ಮೂಲೆಯಲ್ಲಿ ನಮ್ಮ ಉಗ್ರಾಣದ ಗುರುತಿಗೆ 417 ಎಂದು ಬರೆದಿದ್ದೆ, ಅಳಿಸಲು ಮರೆತುಹೋಗಿತ್ತು. ಆ ಸಲದ ಲಾಟರಿಯ ಕೊನೆಯ ಮೂರು ಅಂಕಿ ಅವೇ ಬಂದವು. ಮುಗಿಯಿತಲ್ಲ ಕಥೆ, ಫೋಟೋದ ದೆವ್ವವೇ ನಂಬರು ಕೊಟ್ಟಿತೆಂದು ಜನ ನಂಬಿಬಿಟ್ಟರು. ಸ್ಟುಡಿಯೋ ಗೇಟಿನ ಮುಂದೆ ಕೆಂಪು ಸೋಡಾ ಬಾಟಲಿ, ಹೂಮಾಲೆ, ಬೇಯಿಸಿದ ಮೊಟ್ಟೆ ರಾಶಿ ಬಿದ್ದವು. ಜನ ಫೋಟೋವನ್ನು ಫೋನಿನಲ್ಲಿ ತೆಗೆದು, ಅಚ್ಚು ಹಾಕಿಸಿ, ಅಂಗಡಿ ಗಾಡಿಗಳಿಗೆಲ್ಲ ಅಂಟಿಸಿದರು. ಅಮ್ಮ ಒಂದು ಬೆಳಿಗ್ಗೆ ಬದನೆಕಾಯಿ ತರಲು ಹೋದವಳು ಲಮ್‌ದುವಾನ್ ಅತ್ತೆಯ ಬಾಣಲೆಯ ಪಕ್ಕದಲ್ಲಿ ನಿನ್ನನ್ನು ನೋಡಿದಳು. ಕೊರಳಿಗೆ ಮಾಲೆ, ಮುಂದೆ ಸೋಡಾ, ಮರಳಿನ ಬಟ್ಟಲಿನಲ್ಲಿ ಒಂದೇ ಒಂದು ಊದುಬತ್ತಿ. ಬುದ್ಧನಿಗೆ ಮೂರು ಹಚ್ಚುತ್ತೇವೆ, ಸತ್ತವರಿಗೆ ಒಂದು. ಈ ಆರು ವರ್ಷವೂ ಅಮ್ಮ ಮೂರು ಹಚ್ಚಿ ನಿನ್ನ ಹೆಸರು ಹೇಳಿ ಬೇಡಿಕೊಂಡವಳು, ಒಂದನ್ನು ಕೈಯಲ್ಲೂ ಹಿಡಿದವಳಲ್ಲ. ಲಮ್‌ದುವಾನ್‌ಗೆ ನೀನು ಹನ್ನೆರಡು ವರ್ಷದವನಾಗಿದ್ದಾಗಿನ ಮುಖ ಮಾತ್ರ ಗೊತ್ತು, ಪಾಪ. "ಅಕ್ಕಾ, ನೀವೂ ಒಂದು ನಂಬರ್ ಕೇಳ್ಕೊಳ್ಳಿ, ಭಾರಿ ಒಳ್ಳೆ ದೆವ್ವ" ಅಂದಳಂತೆ. ಅಮ್ಮ ಬತ್ತಿಯನ್ನು ಬೆರಳಿನಿಂದಲೇ ಚಿವುಟಿ ಆರಿಸಿ, ಫೋಟೋ ಕಿತ್ತುಕೊಂಡು, ತರಕಾರಿ ಚೀಲ ಅಲ್ಲೇ ಬಿಟ್ಟು ಮನೆಗೆ ಬಂದಳು. ನಾನು ಉಣ್ಣುತ್ತಿದ್ದೆ. ಫೋಟೋವನ್ನು ನನ್ನ ತಟ್ಟೆಯ ಪಕ್ಕದಲ್ಲಿಟ್ಟು, "ಬದುಕಿರೋ ಮಗನ ಮುಂದೆ ಊರವರ ಕೈಲಿ ಒಂಟಿ ಬತ್ತಿ ಹಚ್ಚಿಸಿದ್ರಲ್ಲ, ನೀವು ಮನುಷ್ಯರೇನ್ರೀ?" ಅಂದಳು. ಅದೇ ಕೊನೆ. ಉಪಾಯ, ಬಸ್ಸು, ನಗು ಎಂದು ನಾನು ಎಷ್ಟು ತಿಳಿಸಿ ಹೇಳಿದರೂ ಅವಳು ಗೋಡೆ ನೋಡುತ್ತ ಕೂತಳು. ಅವಳ ಬೆರಳಿನಲ್ಲಿ ಆ ಸುಟ್ಟ ಗಾಯದ ಕಲೆ ಇನ್ನೂ ಇದೆ.

ಈಗ ಅನ್ನದಂಗಡಿಯ ವಿಷಯ. ಹತ್ತು ದಿನದ ಕೆಳಗೆ ಸ್ಟುಡಿಯೋಗೆ ಒಂದು ಕಾಗದ ಬಂತು. ಕಚೇರಿಯವರು ಫೋಟೋ ವಿಚಾರ ನನ್ನದಲ್ಲವೇ ಎಂದು ನನ್ನ ಕೈಗೆ ಕೊಟ್ಟರು. ಬರೆದವಳು ರನೋಂಗ್ ಬಂದರಿನ ಸಂಗ್ವಾನ್ ಅಕ್ಕ. ನೀನು ಅವಳ ಅಂಗಡಿಯಲ್ಲಿ ಒಂದೂವರೆ ವರ್ಷ ಉಂಡಿದ್ದೀಯಂತೆ. ಅವಳು ಮಾತಾಡಿದ ಹಾಗೆಯೇ ಬರೆದಿದ್ದಾಳೆ. "ಪಕ್ಕದ ವಿಹಾರಕ್ಕೆ ಹೆಣ ಬಂದ್ರೆ ಸಾಕು, ಹುಡುಗ ಅರ್ಧ ಊಟಕ್ಕೇ ಎದ್ದು ಹೋಗೋನು. ಯಾಕಪ್ಪಾ ಅಂದ್ರೆ, ನಮ್ಮಪ್ಪ ನನ್ನನ್ನ ಪೆಟ್ಟಿಗೆಯಿಂದ ನಗಿಸ್ದೆ ಎಬ್ಬಿಸ್ಬಿಟ್ಟ ಅಕ್ಕಾ, ಆ ನಗು ಇನ್ನೂ ಒಳಗೇ ಉಳ್ಕೊಂಡಿದೆ ಅನ್ನೋನು." ಇದನ್ನು ಓದಿದ ಮೇಲೆ ಅದು ನೀನಲ್ಲ ಎಂದು ಹೇಗೆ ಅಂದುಕೊಳ್ಳಲಿ? ಮುಂದೆ ಎರಡೇ ಸಾಲು. ವರ್ಷಾವಾಸ ಮುಗಿದ ವಾರ ನೀನು ದೋಣಿ ಹತ್ತಿದೆ, ಆ ದೋಣಿ ವಾಪಸು ಬರಲಿಲ್ಲ. ನಿನ್ನ ಚೀಲ ಅವಳ ಹತ್ತಿರವೇ ಇದೆ, ಮನೆಯವರು ಇದ್ದರೆ ಫೋನ್ ಮಾಡಲಿ. ಕೆಳಗೆ ನಂಬರು.

ದೋಣಿ ಬರಲಿಲ್ಲ ಎಂದರೆ ನೀನು ಬರಲಿಲ್ಲ ಎಂದೇನೂ ಅಲ್ಲ. ಬೇರೆ ಬಂದರಿಗೆ ಹೋಗಿ ಇಳಿದಿರಬಹುದು. ಬರ್ಮಾ ಕಡೆಯ ಕಾವಲಿನವರು ಹಿಡಿದು ಕೂರಿಸಿಕೊಂಡಿರಬಹುದು, ಹಾಗೆ ವರ್ಷಗಟ್ಟಲೆ ಇದ್ದು ಬಂದವರನ್ನು ನಾನೇ ನೋಡಿದ್ದೇನೆ. ಇದನ್ನೆಲ್ಲ ದಿನಕ್ಕೆ ನೂರು ಸಲ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಆದರೆ ಸಂಗ್ವಾನ್ ಅಕ್ಕ ವರ್ಷಾವಾಸ ಎಂದಿದ್ದಾಳೆಯೇ ಹೊರತು ಯಾವ ವರ್ಷ ಎಂದು ಬರೆದಿಲ್ಲ. ಹೋದ ವರ್ಷದ್ದೇ ಆದರೆ, ನಾನು ಚೌಕಟ್ಟಿಗೆ ಮೊಳೆ ಹೊಡೆದ ವಾರವೇ ನೀನು ದೋಣಿ ಹತ್ತಿದ್ದೀಯ. ನೀನು ಆ ಧಾರಾವಾಹಿಯನ್ನು ನೋಡುವ ಮೊದಲೇ, ನಗಲು ಅವಕಾಶವೇ ಸಿಗದ ಹಾಗೆ, ಅಪ್ಪನಾದವನೇ ನಿನ್ನನ್ನು ಪೆಟ್ಟಿಗೆಗೆ ಹಾಕಿದ ಹಾಗಾಯಿತು, ಎರಡನೇ ಸಲ. ಇಂಥದ್ದನ್ನೆಲ್ಲ ಮೂವತ್ತೊಂದು ವರ್ಷ ನಂಬದೆ ನಗುತ್ತಿದ್ದವನು ಈಗ ಹತ್ತು ದಿನದಿಂದ ಅದೊಂದನ್ನೇ ನಂಬಿ ಕೂತಿದ್ದೇನೆ. ಫೋನ್ ಮಾಡಲು ಧೈರ್ಯವಿಲ್ಲ. ನಂಬರು ಒತ್ತುತ್ತೇನೆ, ಕೊನೆಯ ಅಂಕಿಗೆ ಬಂದು ನಿಲ್ಲಿಸುತ್ತೇನೆ. ಅಮ್ಮನಿಗೂ ವಿಲಾಯ್‌ಗೂ ಈ ಕಾಗದದ ಸುದ್ದಿ ಹೇಳಿಲ್ಲ. ಇರುವೆಯ ಎದೆ ಯಾರದು ಎಂದು ಈಗ ಗೊತ್ತಾಯಿತಲ್ಲ.

ಹಾಗಾಗಿ ಫೋನಿನ ಬದಲು ಕಾಗದ. ಸಂಗ್ವಾನ್ ಅಕ್ಕನ ಅಂಗಡಿಯ ವಿಳಾಸಕ್ಕೆ ಹಾಕುತ್ತಿದ್ದೇನೆ. ಚೀಲ ತೆಗೆದುಕೊಂಡು ಹೋಗಲು ಒಂದಲ್ಲ ಒಂದು ದಿನ ನೀನು ಬಂದೇ ಬರುತ್ತೀಯ, ಆಗ ಕೊಡುತ್ತಾಳೆ. ಎರಡನೇ ಭಾಗಕ್ಕೂ ಅದೇ ಫೋಟೋ ಬೇಕು ಎಂದು ಸ್ಟುಡಿಯೋದವರು ದುಂಬಾಲು ಬಿದ್ದಿದ್ದರು. ಕೊಡುವುದಿಲ್ಲ ಎಂದು ಜಗಳ ಮಾಡಿ ಚೌಕಟ್ಟನ್ನು ಮನೆಗೆ ತಂದುಬಿಟ್ಟೆ. ನಾನು ಕೆಲಸ ಮಾಡುವ ಮೇಜಿನ ಮೇಲೆ, ಗೋಡೆಗೆ ಒರಗಿಸಿ ಇಟ್ಟಿದ್ದೇನೆ. ಅದರಿಂದ ಫೋಟೋ ತೆಗೆಯಲು ನಾನು ಕೈ ಹಚ್ಚಿಲ್ಲ, ಅದು ನಿನ್ನ ಕೆಲಸ. ಬಾ ಮಗಾ. ಬಂದು ನೀನೇ ತೆಗೆ, ಎಷ್ಟು ಬೇಕೋ ಅಷ್ಟು ಹೊತ್ತು ನಿಂತು ನಗು. ಈ ಸಲ ನಾನು ಅವಸರ ಮಾಡುವುದಿಲ್ಲ. ನಾಳೆ ಅಮ್ಮಂದಿರ ದಿನ. ನೀನು ಶಾಲೆಯಿಂದ ಮಲ್ಲಿಗೆ ಮಾಲೆ ತಂದು ಅಮ್ಮನ ಪಾದಕ್ಕಿಟ್ಟು ನಮಸ್ಕಾರ ಮಾಡುತ್ತಿದ್ದ ಜಾಗದಲ್ಲೇ ಅವಳು ಈಗ ಕೂತು ಸೊಪ್ಪು ಬಿಡಿಸುತ್ತಿದ್ದಾಳೆ. ಯಾರಿಗೆ ಬರೆಯುತ್ತಿದ್ದೇನೆ ಎಂದು ಅವಳಿಗೆ ಅನುಮಾನ ಬಂದಿರಬೇಕು. ಕೇಳುವುದಿಲ್ಲ, ಆದರೆ ಎರಡು ಸಲ ಈ ಕಡೆ ನೋಡಿದಳು.

ನೀನಿರುವ ಕಡೆ ಗಾಳಿ ತಣ್ಣಗಿರಲಿ, ನೀರು ಕೆರಳದಿರಲಿ. ಬುದ್ಧ, ಧರ್ಮ, ಸಂಘ ಮೂರೂ ನಿನ್ನ ತಲೆ ಕಾಯಲಿ. ತಂಗಿಯ ನಮಸ್ಕಾರ. ಅಮ್ಮನ ಆಶೀರ್ವಾದವನ್ನು ಅವಳನ್ನು ಕೇಳದೆಯೇ ಬರೆಯುತ್ತಿದ್ದೇನೆ, ಅದು ಯಾವಾಗಲೂ ಇದ್ದೇ ಇರುತ್ತದೆ.

ನಿನ್ನ ಅಪ್ಪ,
ಚರೂನ್

ತಾ.ಕ. — ಸೋಮವಾರ, ಮಧ್ಯಾಹ್ನ. ಲಕೋಟೆ ಅಂಟಿಸುವ ಮೊದಲು ಫೋನ್ ಮಾಡಿಬಿಟ್ಟೆ. ಸಂಗ್ವಾನ್ ಅಕ್ಕನೇ ಎತ್ತಿದಳು. ನಾನು ಮೊತ್‌ನ ಅಪ್ಪ ಮಾತಾಡುವುದು ಎಂದೆ. ಹೇಗೆ ಎಂದು ಕೇಳಲಿಲ್ಲ, ಎಲ್ಲಿ ಎಂದು ಕೇಳಲಿಲ್ಲ, ಯಾವ ವರ್ಷ ಎಂದು ಕೇಳಿದೆ. "ಅದೆಂಗಪ್ಪಾ ಮರೀಲಿ, ನನ್ನ ಮೊಮ್ಮಗಳು ಹುಟ್ಟಿದ ವರ್ಷ, ಅರವತ್ನಾಲ್ಕು" ಅಂದಳು. ಮೂರನೇ ದಿನ ನಿನ್ನನ್ನು ದಡಕ್ಕೆ ತಂದರಂತೆ, ಗುರುತು ಹಿಡಿದದ್ದು ಅವಳೇ ಅಂತೆ, ಪಕ್ಕದ ವಿಹಾರದಲ್ಲೇ ಸುಟ್ಟರಂತೆ. "ಪೆಟ್ಟಿಗೆ ಮುಂದೆ ಇಡಕ್ಕೆ ಒಂದು ಫೋಟೋನೂ ಇರ್ಲಿಲ್ಲ. ಟೀವೀಲಿ ನೋಡ್ದಾಗ, ಅಂತೂ ಹುಡುಗಂಗೆ ಫೋಟೋ ಸಿಕ್ತಲ್ಲಪ್ಪಾ ಅನ್ನಿಸ್ತು" ಅಂದಳು. ಅರವತ್ನಾಲ್ಕು ಎಂದರೆ 2564, ನಾನು ಚೌಕಟ್ಟು ಮಾಡುವುದಕ್ಕೆ ಎರಡು ವರ್ಷ ಮೊದಲು. ನನ್ನ ಫೋಟೋ ನಿನ್ನನ್ನು ಕೊಂದಿಲ್ಲ. ಮೊತ್, ನನ್ನನ್ನು ಕ್ಷಮಿಸು, ನನಗೆ ನಗು ಬಂತು. ಫೋನ್ ಕಿವಿಗೆ ಹಿಡಿದುಕೊಂಡೇ, ನಿನ್ನ ಫೋಟೋ ಎದುರಿಗೇ ಗಟ್ಟಿಯಾಗಿ ನಕ್ಕೆ. ಮೂರು ಸಲವಲ್ಲ, ಎಷ್ಟು ಸಲವೋ ಗೊತ್ತಿಲ್ಲ, ನಿಲ್ಲಿಸಲು ಆಗಲಿಲ್ಲ. ಅಮ್ಮ ಅಡುಗೆಮನೆಯಿಂದ ಓಡಿ ಬಂದಳು. ನಿನ್ನ ಹೆಸರು ಹೇಳಿದ್ದು ಅವಳಿಗೆ ಕೇಳಿಸಿತ್ತು. ಎರಡು ತಿಂಗಳ ಮೇಲೆ ಮೊದಲ ಸಲ ನನ್ನ ಮುಖ ನೋಡಿ, "ಸಿಕ್ಕಿದ್ನಾ? ಹೇಳ್ರೀ, ಸಿಕ್ಕಿದ್ನಾ?" ಅಂದಳು. ಹೌದು ಎಂದು ತಲೆಯಾಡಿಸಿದೆ. ಎಲ್ಲಿದ್ದಾನೆ, ಯಾವಾಗ ಬರುತ್ತಾನೆ ಎಂದು ಕೇಳಲೂ ನಿಲ್ಲದೆ ಒಳಗೆ ಹೋದಳು. ಅಕ್ಕಿ ಡಬ್ಬಿಯಲ್ಲಿ ಲೋಟ ಕೆರೆಯುವ ಸದ್ದು ಎಣಿಸಿದೆ, ನಾಲ್ಕು ಸಲ. ಈಗ ತೊಳೆಯುತ್ತಿದ್ದಾಳೆ. ನಾನು ಎದ್ದು ಒಳಗೆ ಹೋಗಬೇಕು.